ಗರ್ಭಕೋಶ ಜಾರಿದರೆ: ಹೊಟ್ಟೆ ಕೊಯ್ಯದೆ ಮಾಡುವ ಚಿಕಿತ್ಸೆಗಳ ಬಗ್ಗೆ ತಿಳಿಯೋಣ



ನಮ್ಮ ಸಂಘದ ಸಭೆಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ, ರಕ್ತಹೀನತೆ, ಮಕ್ಕಳ ಲಸಿಕೆ ಇವುಗಳ ಬಗ್ಗೆ ಎಷ್ಟೋ ಸಲ ಮಾತಾಡಿದ್ದೇವೆ. ಆದರೆ ಸಭೆ ಮುಗಿದು, ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಎದ್ದು ಹೋದ ಮೇಲೆ, ಒಬ್ಬರು ಹಿಂದೆ ಉಳಿದುಕೊಂಡು ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳುವ ಕಾಯಿಲೆ ಒಂದಿದೆ. "ಸಿಸ್ಟರ್, ಕೆಳಗೆ ಏನೋ ಗಡ್ಡೆ ಥರ ಬರುತ್ತೆ. ಮಲಗಿದ್ರೆ ಒಳಗೆ ಹೋಗುತ್ತೆ, ಸಂಜೆ ಹೊತ್ತಿಗೆ ಮತ್ತೆ ಇಳಿಯುತ್ತೆ." ಎಷ್ಟು ದಿನದಿಂದ ಎಂದು ಕೇಳಿದರೆ ಅವರು ಹೇಳುವುದು ವರ್ಷದ ಲೆಕ್ಕ. ಸೊಸೆಗೆ ಗೊತ್ತಿರುವುದಿಲ್ಲ, ಹೆತ್ತ ಮಗಳಿಗೂ ಗೊತ್ತಿರುವುದಿಲ್ಲ. ಸೀರೆ ಒಳಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಗದ್ದೆ ಕೆಲಸ, ದನದ ಕೆಲಸ ಎಲ್ಲಾ ಮಾಡುತ್ತಿರುತ್ತಾರೆ.

ಮಾರ್ಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಣ್ಣುಮಗಳೊಬ್ಬಳ ಕಥೆ ಬರುತ್ತದೆ. ಇದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದರೂ ಅವಳ ಕಾಯಿಲೆ ಹೆಚ್ಚಾಗಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ಯೇಸುಸ್ವಾಮಿಯ ಬಳಿಗೆ ಬಂದದ್ದೂ ಜನರ ಗುಂಪಿನ ಹಿಂದಿನಿಂದ, ಯಾರಿಗೂ ಕಾಣದ ಹಾಗೆ. ಎರಡು ಸಾವಿರ ವರ್ಷ ಕಳೆದರೂ ನಮ್ಮ ಹೆಂಗಸರು ಕೆಳಗಿನ ಕಾಯಿಲೆ ಹೇಳಿಕೊಳ್ಳಲು ಬರುವುದು ಹಿಂದಿನಿಂದಲೇ.

ಆದ್ದರಿಂದ ಈ ಪಾಠವನ್ನು ಸಭೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಓದಿ. ಓದುವವರಿಗೆ ನಾಚಿಕೆ ಆದರೆ ಅರ್ಧಕ್ಕೆ ನಿಲ್ಲಿಸಬೇಡಿ, ಪಕ್ಕದವರ ಕೈಗೆ ಕೊಡಿ.

ಏಕೆ ಜಾರುತ್ತದೆ?

ಹೆಂಗಸರ ಕೆಳಹೊಟ್ಟೆಯಲ್ಲಿ ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲದ ಚೀಲ, ಹೀಗೆ ಮೂರು ಅಂಗಗಳು ಒತ್ತೊತ್ತಾಗಿ ಇವೆ. ಇವನ್ನು ಕೆಳಗಿನಿಂದ ಮಾಂಸಖಂಡಗಳು ಹೊತ್ತುಕೊಂಡಿವೆ. ಮೇಲಿನಿಂದಲೂ ಪಕ್ಕದಿಂದಲೂ ಹಗ್ಗದಂಥ ಗಟ್ಟಿ ಪಟ್ಟಿಗಳು ಸೊಂಟದ ಮೂಳೆಗೆ ಎಳೆದು ಕಟ್ಟಿವೆ. ಗದ್ದೆಗೆ ಹೋದಾಗ ಮರದ ಕೊಂಬೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸುವ ಜೋಲಿಯನ್ನು ನೆನಪು ಮಾಡಿಕೊಳ್ಳಿ. ಗಂಟು ಸಡಿಲವಾದರೆ ಜೋಲಿ ನೆಲ ಮುಟ್ಟುತ್ತದೆ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಗರ್ಭಕೋಶ ಜಾರುವುದೂ ಹೀಗೆಯೇ. ಇದು ಗರ್ಭಕೋಶದ ರೋಗವಲ್ಲ, ಅದನ್ನು ಹಿಡಿದಿರುವ ಕಟ್ಟು ಸಡಿಲವಾಗಿರುವುದು. ಈ ಒಂದು ಮಾತನ್ನು ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಆಪರೇಷನ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕಟ್ಟು ಸಡಿಲವಾಗಲು ಮೊದಲ ಕಾರಣ ಹೆರಿಗೆ. ಹೆಚ್ಚು ಹೆರಿಗೆಗಳಾದವರು, ದಿನಗಟ್ಟಲೆ ನೋವು ತಿಂದು ಹೆತ್ತವರು, ದೊಡ್ಡ ಮಗು ಹೆತ್ತವರು ಇವರಲ್ಲಿ ಮಾಂಸಖಂಡ ಹಿಗ್ಗಿ, ಕೆಲವೊಮ್ಮೆ ಹರಿದೂ ಇರುತ್ತದೆ. ಅದು ಕೂಡಿಕೊಳ್ಳುವ ಮೊದಲೇ ನಾಟಿ, ಕಳೆ, ಸೌದೆ ಹೊರೆ, ನೀರಿನ ಕೊಡ ಎಂದು ಎದ್ದು ಹೋದವರು ನಮ್ಮಲ್ಲಿ ಎಷ್ಟು ಜನ! ಆಗ ವಯಸ್ಸಿತ್ತು, ತಡೆದುಕೊಂಡಿತು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಆ ಭಾಗದ ಮಾಂಸ, ಚರ್ಮ ತೆಳ್ಳಗಾಗುತ್ತದೆ. ಇಪ್ಪತ್ತೈದರಲ್ಲಿ ಆದ ಪೆಟ್ಟು ಅರವತ್ತರಲ್ಲಿ ಹೊರಗೆ ಕಾಣುತ್ತದೆ. ಇದರ ಜೊತೆಗೆ ವರ್ಷಾನುಗಟ್ಟಲೆ ಕೆಮ್ಮು, ಮಲಬದ್ಧತೆಯಿಂದ ದಿನಾ ಮುಕ್ಕುವುದು, ಭಾರ ಎತ್ತುವುದು, ಮೈ ಬೊಜ್ಜು ಇದ್ದರೆ ಪ್ರತಿದಿನವೂ ಆ ಕಟ್ಟಿನ ಮೇಲೆ ಒತ್ತಡ ಬೀಳುತ್ತಲೇ ಇರುತ್ತದೆ.

ಬಾಣಂತನದಲ್ಲಿ ಪಥ್ಯ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಹೀಗಾಯಿತು ಎಂದು ಹೆಂಗಸನ್ನೇ ದೂರುವವರು ಇದ್ದಾರೆ. ಅದು ಸುಳ್ಳು. ನೇಪಾಳದಲ್ಲಿ ಈ ತೊಂದರೆ ಬಹಳ ವ್ಯಾಪಕವಾಗಿದ್ದು, 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ಮಹಿಳೆಯರ ಹಕ್ಕಿನ ವಿಷಯವೆಂದೇ ಪರಿಗಣಿಸಿ ಸರ್ಕಾರಕ್ಕೆ ಆದೇಶ ಕೊಟ್ಟಿತು. ಬಸುರಿ, ಬಾಣಂತಿಯರನ್ನು ದುಡಿಸುವ ಸಮಾಜದ ಕಾಯಿಲೆ ಇದು ಎಂದು ನನಗೂ ಅನ್ನಿಸುತ್ತದೆ.

ಗುರುತುಗಳು

ಕೆಳಗೆ ಭಾರ, ಜಗ್ಗಿದ ಹಾಗೆ ಅನ್ನಿಸುವುದು, ಸೊಂಟ ನೋವು, ಏನೋ ಹೊರಗೆ ಬಂದ ಹಾಗೆ ಕೈಗೆ ಸಿಕ್ಕುವುದು. ಬೆಳಿಗ್ಗೆ ಕಡಿಮೆ, ಸಂಜೆಗೆ ಜಾಸ್ತಿ. ಜಾರಿರುವುದು ಮುಂದಿನ ಗೋಡೆಯಾದರೆ ಅದರ ಜೊತೆ ಮೂತ್ರಕೋಶ ಇಳಿದು, ಮೂತ್ರ ಪೂರ್ತಿ ಹೋಗುವುದಿಲ್ಲ, ಕೆಲವರು ಬೆರಳಿನಿಂದ ಮೇಲೆ ತಳ್ಳಿಕೊಂಡು ಮೂತ್ರ ಮಾಡಬೇಕಾಗುತ್ತದೆ. ಹಿಂದಿನ ಗೋಡೆಯಾದರೆ ಮಲ ವಿಸರ್ಜನೆಗೆ ಕಷ್ಟ. ನಡುವೆ ಇಳಿದರೆ ಗರ್ಭಕೋಶದ ಬಾಯಿ ಕೆಳಗೆ ಬರುತ್ತದೆ. ಎಷ್ಟೋ ಜನರಿಗೆ ಮೂರೂ ಸ್ವಲ್ಪ ಸ್ವಲ್ಪ ಇಳಿದಿರುತ್ತದೆ.

ಡಾಕ್ಟರು ಇದನ್ನು ನಾಲ್ಕು ಹಂತ ಮಾಡಿ ಹೇಳುತ್ತಾರೆ. ಒಂದನೇ ಹಂತದಲ್ಲಿ ಒಳಗೇ ಇಳಿದಿರುತ್ತದೆ, ಎರಡರಲ್ಲಿ ಬಾಗಿಲವರೆಗೆ, ಮೂರರಲ್ಲಿ ಹೊರಗೆ, ನಾಲ್ಕರಲ್ಲಿ ಪೂರ್ತಿ ಹೊರಗೆ. ಹೊರಗೆ ಬಂದದ್ದು ಬಟ್ಟೆಗೆ ಉಜ್ಜಿ ಉಜ್ಜಿ ಹುಣ್ಣಾಗಿ ರಕ್ತ ಬರಬಹುದು. ಆದರೆ ಮುಟ್ಟು ನಿಂತವರಿಗೆ ಒಂದೇ ಒಂದು ಹನಿ ರಕ್ತ ಕಂಡರೂ "ಜಾರಿದ್ದಕ್ಕೆ ಬರ್ತಿದೆ" ಅಂತ ಸುಮ್ಮನಿರಬೇಡಿ. ಕ್ಯಾನ್ಸರ್ ಇಲ್ಲವೆಂದು ಡಾಕ್ಟರು ನೋಡಿ ಹೇಳಲೇಬೇಕು. ಇನ್ನೊಂದು ಮಾತು: ಬರೀ ಬಿಳಿಸೆರಗು ಹೋಗುವುದು, ಬರೀ ಸೊಂಟ ನೋವು ಇರುವುದು ಗರ್ಭಕೋಶ ಜಾರಿದ ಲಕ್ಷಣವಲ್ಲ. ಮಲಗಿಸಿ, ಮುಕ್ಕಲು ಹೇಳಿ, ಕೈಯಿಂದ ಪರೀಕ್ಷೆ ಮಾಡದೆ ಬರೀ ಸ್ಕ್ಯಾನಿಂಗ್ ಚೀಟಿ ನೋಡಿ "ಜಾರಿದೆ, ತೆಗೆಯಬೇಕು" ಅಂದರೆ ಒಪ್ಪಬೇಡಿ.

ಆಪರೇಷನ್ ಇಲ್ಲದೆ ಏನು ಮಾಡಬಹುದು?

ಮೊದಲ ಎರಡು ಹಂತದವರಿಗೆ ವ್ಯಾಯಾಮವೇ ಔಷಧಿ. ಮೂತ್ರವನ್ನು ತಡೆಹಿಡಿಯುವಾಗ, ಗಾಳಿ ಹೋಗದ ಹಾಗೆ ಬಿಗಿ ಹಿಡಿಯುವಾಗ ಯಾವ ಮಾಂಸಖಂಡ ಬಿಗಿಯಾಗುತ್ತದೋ ಅದನ್ನು ಮೇಲಕ್ಕೆ ಎಳೆದುಕೊಂಡು ಹತ್ತರವರೆಗೆ ಎಣಿಸಿ, ಮೆಲ್ಲಗೆ ಬಿಡಿ. ಹೊಟ್ಟೆ ಬಿಗಿ ಹಿಡಿಯಬೇಡಿ, ಉಸಿರು ಕಟ್ಟಬೇಡಿ. ಒಂದು ಸಲಕ್ಕೆ ಎಂಟರಿಂದ ಹನ್ನೆರಡು ಬಾರಿ, ದಿನಕ್ಕೆ ಮೂರು ಸಲ. ಮೊದಮೊದಲು ಹತ್ತು ಎಣಿಸಲು ಆಗದಿದ್ದರೆ ಮೂರು ಎಣಿಸಿ ಸಾಕು. ಮೂರು ನಾಲ್ಕು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸಭೆಯಲ್ಲಿ ಕಾರ್ಯದರ್ಶಿ ಲೆಕ್ಕ ಓದುವಾಗಲೂ ಕೂತಲ್ಲೇ ಮಾಡಬಹುದು, ಪಕ್ಕದವರಿಗೂ ತಿಳಿಯುವುದಿಲ್ಲ. ಆದರೆ ಪೂರ್ತಿ ಹೊರಗೆ ಬಂದಿರುವುದನ್ನು ವ್ಯಾಯಾಮ ಒಳಗೆ ಎತ್ತುವುದಿಲ್ಲ. ಅದನ್ನೂ ಸ್ಪಷ್ಟವಾಗಿ ಹೇಳಬೇಕು.

ಎರಡನೆಯದು ರಿಂಗ್, ಡಾಕ್ಟರು ಪೆಸರಿ ಎನ್ನುತ್ತಾರೆ. ಸಿಲಿಕೋನ್‌ನಿಂದ ಮಾಡಿದ ಮೆತ್ತನೆ ಬಳೆಯಂಥದ್ದು. ಅಳತೆ ನೋಡಿ ಒಳಗೆ ಇಟ್ಟರೆ ಇಳಿದದ್ದು ಮೇಲೆ ನಿಲ್ಲುತ್ತದೆ. ಕೊಯ್ಯುವುದಿಲ್ಲ, ಅರಿವಳಿಕೆ ಬೇಡ. ಹೃದಯದ ತೊಂದರೆ ಇದ್ದು ಆಪರೇಷನ್ ತಡೆಯದವರಿಗೆ, ಅಥವಾ ಸದ್ಯಕ್ಕೆ ಮನೆ ಬಿಟ್ಟು ಹೋಗಲಾಗದವರಿಗೆ ಇದು ದೊಡ್ಡ ಆಸರೆ. ಎಪ್ಪತ್ತು ದಾಟಿದ ಅಮ್ಮ ಒಬ್ಬರು ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುತ್ತಿದ್ದರು. "ನಾನು ಮಲಗಿದ್ರೆ ಅವರನ್ನ ಎತ್ತೋರು ಯಾರು?" ಅಂದರು. ರಿಂಗ್ ಹಾಕಿಸಿಕೊಂಡರು, ಕೆಲಸ ನಡೆಯಿತು. ಆದರೆ ರಿಂಗ್ ಹಾಕಿಸಿಕೊಂಡು ಮರೆತುಬಿಡುವುದು ಅಪಾಯ. ಡಾಕ್ಟರು ಹೇಳಿದ ಹಾಗೆ ಮೂರು ತಿಂಗಳಿಗೋ ಆರು ತಿಂಗಳಿಗೋ ಹೋಗಿ ತೆಗೆಸಿ, ತೊಳೆಸಿ, ಹುಣ್ಣಾಗಿದೆಯೇ ಎಂದು ನೋಡಿಸಬೇಕು. ವರ್ಷಗಟ್ಟಲೆ ಬಿಟ್ಟರೆ ಅದು ಮಾಂಸದೊಳಗೆ ಹುದುಗಿಹೋಗುತ್ತದೆ. ತಾರೀಕನ್ನು ಸಂಘದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದಿಡಿ, ಸಾಲದ ಕಂತಿನ ಹಾಗೆ ಜ್ಞಾಪಿಸೋಣ.

ಹೊಟ್ಟೆ ಕೊಯ್ಯದೆ ಮಾಡುವ ಆಪರೇಷನ್‌ಗಳು

ಹಿಂದೆ ಆಪರೇಷನ್ ಅಂದರೆ ಕೆಳಹೊಟ್ಟೆಯನ್ನು ಅಡ್ಡಕ್ಕೋ ಉದ್ದಕ್ಕೋ ಒಂದು ಗೇಣು ಕೊಯ್ಯುವುದು ಎಂಬ ಹೆದರಿಕೆ ಎಲ್ಲರಲ್ಲೂ ಇದೆ. ಜಾರಿದ್ದಕ್ಕೆ ಈಗ ಅಷ್ಟು ಕೊಯ್ಯಬೇಕಾದ ಸಂದರ್ಭ ಕಡಿಮೆ. ಸಣ್ಣ ಗಾಯದಲ್ಲಿ ಮುಗಿಸುವ ದಾರಿ ಮುಖ್ಯವಾಗಿ ಎರಡು: ಕೆಳಗಿನಿಂದ, ಅಂದರೆ ಯೋನಿಮಾರ್ಗದಿಂದ ಮಾಡುವುದು, ಇನ್ನೊಂದು ಲ್ಯಾಪ್ರೋಸ್ಕೋಪಿ.

ಯೋನಿಮಾರ್ಗದ ಆಪರೇಷನ್‌ನಲ್ಲಿ ಹೊಟ್ಟೆಯ ಮೇಲೆ ಒಂದು ಗೀರೂ ಇರುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ಮಾಡಬಹುದು. ಸಡಿಲವಾದ ಮುಂದಿನ ಗೋಡೆ, ಹಿಂದಿನ ಗೋಡೆಯನ್ನು ಹೊಲಿದು ಬಿಗಿ ಮಾಡುತ್ತಾರೆ. ಬೇಕಾದರೆ ಅದೇ ದಾರಿಯಲ್ಲಿ ಗರ್ಭಕೋಶ ತೆಗೆದು, ಯೋನಿಯ ಮೇಲ್ತುದಿಯನ್ನು ಗಟ್ಟಿ ಪಟ್ಟಿಗೆ ಎತ್ತಿ ಕಟ್ಟುತ್ತಾರೆ. ಯಂತ್ರ, ಕ್ಯಾಮೆರಾ ಇಲ್ಲದೆ ಮಾಡುವ ಈ ಹಳೆಯ ವಿಧಾನ ಕಡಿಮೆ ದರ್ಜೆಯದು ಎಂದು ತಿಳಿಯಬೇಡಿ. ವಯಸ್ಸಾದವರಿಗೆ ಹೊಂದುವ, ಕಡಿಮೆ ಸಮಯದಲ್ಲಿ ಮುಗಿಯುವ ವಿಧಾನ ಇದು. ಅನುಭವ ಇರುವ ಡಾಕ್ಟರು ಸರ್ಕಾರಿ ಆಸ್ಪತ್ರೆಯಲ್ಲೂ ಚೆನ್ನಾಗಿ ಮಾಡುತ್ತಾರೆ.

ಲ್ಯಾಪ್ರೋ ಎಂಬ ಹೆಸರು ನಿಮಗೆ ಹೊಸದಲ್ಲ. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಕ್ಯಾಂಪುಗಳಲ್ಲಿ ಕೇಳಿದ್ದೀರಿ. ಅದೇ ಉಪಕರಣ, ಆದರೆ ಕೆಲಸ ಅದಕ್ಕಿಂತ ತುಂಬ ದೊಡ್ಡದು. ಹೊಕ್ಕುಳಿನ ಹತ್ತಿರ ಒಂದು ಸೆಂಟಿಮೀಟರಿನಷ್ಟು ರಂಧ್ರ ಮಾಡಿ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಉಬ್ಬಿಸಿ, ಕ್ಯಾಮೆರಾ ಇರುವ ಕೊಳವೆ ಇಳಿಸುತ್ತಾರೆ. ಇನ್ನೂ ಮೂರು ನಾಲ್ಕು ಸಣ್ಣ ರಂಧ್ರಗಳಿಂದ ಕತ್ತರಿ, ಸೂಜಿ ಹೋಗುತ್ತವೆ. ಡಾಕ್ಟರು ಟಿ.ವಿ. ಪರದೆ ನೋಡಿಕೊಂಡು ಒಳಗೆ ಹೊಲಿಯುತ್ತಾರೆ. ಪ್ಲಾಸ್ಟಿಕ್ ನೂಲಿನಿಂದ ನೇಯ್ದ ಪಟ್ಟಿಯಂಥ ಬಲೆಯ ಒಂದು ತುದಿಯನ್ನು ಯೋನಿಯ ಮೇಲ್ಭಾಗಕ್ಕೆ ಅಥವಾ ಗರ್ಭಕೋಶದ ಕುತ್ತಿಗೆಗೆ ಹೊಲಿದು, ಇನ್ನೊಂದು ತುದಿಯನ್ನು ಬೆನ್ನುಮೂಳೆಯ ಕೊನೆಯ ಭಾಗಕ್ಕೆ ಎತ್ತಿ ಕಟ್ಟುತ್ತಾರೆ. ಸಡಿಲವಾದ ಜೋಲಿಗೆ ಹೊಸ ಹಗ್ಗ ಹಾಕಿ ಕೊಂಬೆಗೆ ಕಟ್ಟಿದ ಹಾಗೆ.

ಈ ಯೋಚನೆ ವಿದೇಶದಿಂದ ಮಾತ್ರ ಬಂದದ್ದಲ್ಲ. ಗೋವಾದಲ್ಲಿ 1899ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೆಲಸ ಮಾಡಿದ ಡಾ. ವಿ. ಎನ್. ಶಿರೋಡ್ಕರ್ ಎಂಬ ಹೆಸರಾಂತ ಸ್ತ್ರೀರೋಗ ತಜ್ಞರು ಗರ್ಭಕೋಶವನ್ನು ತೆಗೆಯದೆ, ಪಟ್ಟಿಯಿಂದ ಮೂಳೆಗೆ ಎತ್ತಿ ಕಟ್ಟುವ ವಿಧಾನವನ್ನು ರೂಪಿಸಿದ್ದರು. ಆಗ ಹೊಟ್ಟೆ ಕೊಯ್ದು ಮಾಡುತ್ತಿದ್ದರು, ಈಗ ಅಂಥದ್ದನ್ನು ರಂಧ್ರದಿಂದಲೂ ಮಾಡುತ್ತಾರೆ.

ಲ್ಯಾಪ್ರೋದಲ್ಲಿ ಹೊಟ್ಟೆ ಕೊಯ್ಯುವುದಕ್ಕಿಂತ ರಕ್ತ ಹೋಗುವುದು ಕಡಿಮೆ, ನೋವು ಕಡಿಮೆ, ಬೇಗ ಮನೆಗೆ ಕಳಿಸುತ್ತಾರೆ. ಮೇಲ್ಭಾಗ ಮತ್ತೆ ಜಾರುವ ಸಂಭವವೂ ಕಡಿಮೆ. ಆದರೆ ಇದಕ್ಕೆ ಪೂರ್ತಿ ಮಂಪರು ಬೇಕು. ತಲೆ ಕೆಳಗೆ, ಕಾಲು ಮೇಲೆ ಬರುವ ಹಾಗೆ ಎರಡು ಮೂರು ಗಂಟೆ ಓರೆಯಾಗಿ ಮಲಗಿಸಬೇಕು. ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಅದು ಕಷ್ಟ. ಮಾಡುವ ಡಾಕ್ಟರಿಗೆ ವಿಶೇಷ ತರಬೇತಿ ಬೇಕು, ಏಕೆಂದರೆ ಪಕ್ಕದಲ್ಲೇ ಮೂತ್ರನಾಳ, ಕರುಳು, ದೊಡ್ಡ ರಕ್ತನಾಳಗಳು ಇವೆ. ಹೊರಗಿನ ಗಾಯ ಸಣ್ಣದು ಎಂದರೆ ಒಳಗಿನ ಆಪರೇಷನ್ ಸಣ್ಣದು ಎಂದು ಅರ್ಥವಲ್ಲ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನೇ ರೋಬೋಟ್ ಕೈಗಳಿಂದಲೂ ಮಾಡುತ್ತಾರೆ. ಖರ್ಚು ಹೆಚ್ಚು, ಫಲಿತಾಂಶ ಲ್ಯಾಪ್ರೋಗಿಂತ ಮೇಲು ಎಂದು ಅಧ್ಯಯನಗಳು ತೋರಿಸಿಲ್ಲ. ಅದಕ್ಕಾಗಿ ಒಡವೆ ಅಡ ಇಡುವ ಅಗತ್ಯವಿಲ್ಲ.

ತುಂಬಾ ವಯಸ್ಸಾದವರಿಗೆ ಇನ್ನೊಂದು ದಾರಿ ಇದೆ. ಯೋನಿಯ ಮುಂದಿನ ಗೋಡೆ, ಹಿಂದಿನ ಗೋಡೆ ಎರಡನ್ನೂ ಸೇರಿಸಿ ಹೊಲಿದು ದಾರಿಯನ್ನೇ ಮುಚ್ಚಿಬಿಡುವುದು. ಪ್ಯಾರಿಸ್ಸಿನ ಲೆ ಫೋರ್ ಎಂಬ ವೈದ್ಯರು 1877ರಲ್ಲಿ ಹೇಳಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಬೇಗ ಮುಗಿಯುತ್ತದೆ, ಶರೀರಕ್ಕೆ ಆಯಾಸ ಕಡಿಮೆ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಯಶಸ್ವಿಯಾಗುತ್ತದೆ. ಆದರೆ ಮುಂದೆ ಗಂಡಹೆಂಡಿರ ಸಂಬಂಧ ಸಾಧ್ಯವಿಲ್ಲ, ಮತ್ತೆ ಮೊದಲಿನಂತೆ ಮಾಡಲು ಆಗುವುದಿಲ್ಲ. ಆಮೇಲೆ ಗರ್ಭಕೋಶದ ಬಾಯಿ ಪರೀಕ್ಷೆಗೆ ಸಿಗುವುದಿಲ್ಲವಾದ್ದರಿಂದ ಕ್ಯಾನ್ಸರ್ ಇಲ್ಲವೆಂದು ಮೊದಲೇ ಖಚಿತ ಮಾಡಿಕೊಳ್ಳಬೇಕು. ಇದಕ್ಕೆ ಒಪ್ಪುವುದೋ ಬಿಡುವುದೋ ಆ ಅಮ್ಮನೇ ಹೇಳಬೇಕು. "ಇಷ್ಟು ವಯಸ್ಸಾಗಿದೆ, ಅವಳಿಗೇನು ಬೇಕು" ಎಂದು ಮಗನೋ ಅಳಿಯನೋ ಸಹಿ ಹಾಕುವ ವಿಷಯ ಅಲ್ಲ.

ಬಲೆಯ ವಿಷಯದಲ್ಲಿ ಎಚ್ಚರ

ಬಲೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಈ ಬಲೆಯನ್ನು ಕೆಳಗಿನಿಂದ, ಯೋನಿಯ ಗೋಡೆಯ ಮೂಲಕವೇ ಹಾಕುವುದು ಹಲವು ದೇಶಗಳಲ್ಲಿ ಬಹಳ ನಡೆಯಿತು. ಆಮೇಲೆ ಎಷ್ಟೋ ಹೆಂಗಸರಿಗೆ ಬಲೆ ಗೋಡೆಯನ್ನು ಕೊರೆದು ಹೊರಬಂದು ನೋವು, ರಕ್ತ, ಸೋಂಕು ಆಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ, ಮತ್ತೆ 2011ರಲ್ಲಿ ಎಚ್ಚರಿಕೆ ಕೊಟ್ಟು, 2019ರ ಏಪ್ರಿಲ್‌ನಲ್ಲಿ ಜಾರಿದ್ದಕ್ಕೆ ಕೆಳಗಿನಿಂದ ಹಾಕುವ ಬಲೆಗಳ ಮಾರಾಟವನ್ನೇ ನಿಲ್ಲಿಸಿತು. ಲ್ಯಾಪ್ರೋ ಮೂಲಕ ಹೊಟ್ಟೆಯಿಂದ ಹಾಕುವ ಬಲೆಗೆ ಆ ಆದೇಶ ಅನ್ವಯಿಸುವುದಿಲ್ಲ. ಅದರಲ್ಲಿ ಈ ತೊಂದರೆ ಕಡಿಮೆ, ಆದರೂ ನೂರರಲ್ಲಿ ಕೆಲವರಿಗೆ ವರ್ಷಗಳ ನಂತರವೂ ಬಲೆ ಹೊರಗೆ ಕಾಣಿಸಿಕೊಳ್ಳಬಹುದು. ಆದ್ದರಿಂದ "ಬಲೆ ಹಾಕುತ್ತೀರಾ? ಯಾವ ದಾರಿಯಿಂದ? ಮುಂದೆ ತೊಂದರೆ ಆದರೆ ಯಾರು ನೋಡುತ್ತಾರೆ?" ಈ ಮೂರನ್ನು ಕೇಳದೆ ಸಹಿ ಮಾಡಬೇಡಿ. ಕೇಳಿದರೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

"ಗರ್ಭಕೋಶವೇ ಇಲ್ಲ, ಇನ್ನೇನು ಜಾರುತ್ತೆ?"

ಈ ಪ್ರಶ್ನೆ ನನ್ನನ್ನು ಕೇಳಿದ್ದು ಅರವತ್ತರ ಹತ್ತಿರದ ಒಬ್ಬ ಸಹೋದರಿ. ಮೂವತ್ತೈದನೇ ವಯಸ್ಸಿನಲ್ಲಿ ಬಿಳಿಸೆರಗು ಎಂದು ಹೋದಾಗ ಗರ್ಭಕೋಶ ತೆಗೆದಿದ್ದರು. ಈಗ ಕೆಳಗೆ ಚೆಂಡಿನ ಹಾಗೆ ಇಳಿಯುತ್ತಿತ್ತು. ಇಳಿದದ್ದು ಯೋನಿಯ ಮೇಲ್ತುದಿ, ಅದರ ಜೊತೆ ಮೂತ್ರಕೋಶ. ಜೋಲಿಯಿಂದ ಮಗುವನ್ನು ಎತ್ತಿಕೊಂಡ ಮಾತ್ರಕ್ಕೆ ಗಂಟು ಬಿಗಿಯಾಗುತ್ತದೆಯೇ? ಗರ್ಭಕೋಶ ತೆಗೆದರೂ ಕಟ್ಟನ್ನು ಸರಿಮಾಡದಿದ್ದರೆ ಉಳಿದದ್ದು ಜಾರುತ್ತದೆ. ಹೀಗೆ ಆದವರಿಗೇ ಮೇಲೆ ಹೇಳಿದ ಲ್ಯಾಪ್ರೋ ಆಪರೇಷನ್ ಹೆಚ್ಚಾಗಿ ಬೇಕಾಗುವುದು.

ಆದ್ದರಿಂದ ಜಾರಿದ್ದಕ್ಕೆ ಗರ್ಭಕೋಶ ತೆಗೆಯುತ್ತೇವೆ ಎಂದು ಯಾರಾದರೂ ಹೇಳಿದರೆ ನೀವು ಕೇಳಬೇಕಾದ ಪ್ರಶ್ನೆ "ತೆಗೆದ ಮೇಲೆ ಉಳಿದದ್ದನ್ನು ಯಾವುದಕ್ಕೆ ಕಟ್ಟುತ್ತೀರಿ ಡಾಕ್ಟ್ರೇ?" ಎಂಬುದು. ಗರ್ಭಕೋಶ ಉಳಿಸಿಕೊಂಡೇ ಎತ್ತಿ ಕಟ್ಟಲು ಆಗುತ್ತದೆಯೇ ಎಂದೂ ಕೇಳಿ. ಕೆಲವರಿಗೆ ತೆಗೆಯುವುದೇ ಸರಿಯಾಗಿರುತ್ತದೆ, ಅದನ್ನು ಬೇಡ ಎನ್ನುತ್ತಿಲ್ಲ. ಆದರೆ ನಮ್ಮ ರಾಜ್ಯದಲ್ಲೇ ಕಲಬುರಗಿ ಜಿಲ್ಲೆಯಲ್ಲಿ, ಅದರಲ್ಲೂ ತಾಂಡಾಗಳ ಬಡ ಹೆಂಗಸರಿಗೆ, ಅಗತ್ಯವಿಲ್ಲದೆ ಗರ್ಭಕೋಶ ತೆಗೆದದ್ದು 2015ರ ಸುಮಾರಿಗೆ ಬೆಳಕಿಗೆ ಬಂದು ಹೋರಾಟವೇ ನಡೆಯಿತು. ದೇಶದ ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಜಾರುವುದು ರಾತ್ರೋರಾತ್ರಿ ಪ್ರಾಣ ತೆಗೆಯುವ ಕಾಯಿಲೆಯಲ್ಲ. ಮೂತ್ರ ಪೂರ್ತಿ ಕಟ್ಟಿದ್ದರೆ ಅಥವಾ ಹೊರಗೆ ಬಂದದ್ದು ಊದಿಕೊಂಡು ಒಳಗೆ ಹೋಗದೇ ಇದ್ದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ಯೋಚನೆ ಮಾಡಲು ಸಮಯ ಇದೆ.

ಮತ್ತೆ ಜಾರುವುದಿಲ್ಲವೇ ಎಂದು ಕೇಳುತ್ತೀರಿ. ಜಾರಬಹುದು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಆಪರೇಷನ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 29 ಜನ ಮೊದಲೇ ಒಮ್ಮೆ ಮಾಡಿಸಿಕೊಂಡವರಾಗಿದ್ದರು. ಕೆಮ್ಮು, ಮಲಬದ್ಧತೆ, ಭಾರ ಹೊರುವುದು ಹಾಗೇ ಉಳಿದರೆ ಯಾವ ಹೊಲಿಗೆಯೂ ಬಹಳ ಕಾಲ ನಿಲ್ಲುವುದು ಕಷ್ಟ.

ಹೋಗುವ ಮೊದಲು ಮತ್ತು ಖರ್ಚು

ರಕ್ತ, ಸಕ್ಕರೆ, ಬಿ.ಪಿ., ಇ.ಸಿ.ಜಿ., ಮೂತ್ರ ಪರೀಕ್ಷೆ, ಗರ್ಭಕೋಶದ ಬಾಯಿಯ ಪರೀಕ್ಷೆ ಇವೆಲ್ಲ ಮೊದಲೇ ಆಗಬೇಕು. ರಕ್ತ ಕಡಿಮೆ ಇದ್ದರೆ, ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಡಾಕ್ಟರು ಮುಂದಕ್ಕೆ ಹಾಕುತ್ತಾರೆ, ಅದಕ್ಕೆ ಬೇಸರ ಬೇಡ. ಹುಣ್ಣಿದ್ದರೆ ಈಸ್ಟ್ರೋಜನ್ ಮುಲಾಮು ಹಚ್ಚಿ ಮಾಯಿಸಿ ಆಮೇಲೆ ಮಾಡುತ್ತಾರೆ. ಹೃದಯಕ್ಕೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಆ ಚೀಟಿಯನ್ನು ಮರೆಯದೆ ತೋರಿಸಬೇಕು, ನೀವಾಗಿಯೇ ಮಾತ್ರೆ ನಿಲ್ಲಿಸಬಾರದು.

ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಗೆ. ಅಲ್ಲಿ ಆಗದಿದ್ದರೆ ಅವರೇ ಬೇರೆ ಕಡೆಗೆ ಚೀಟಿ ಬರೆದು ಕೊಡುತ್ತಾರೆ. ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿಕೊಂಡು ಆಮೇಲೆ ಕಾರ್ಡು ತೋರಿಸಿದರೆ ಕಷ್ಟ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯೂ ಇದೆ, 2003ರಲ್ಲಿ ಶುರುವಾಗಿ ನಡುವೆ ನಿಂತುಹೋಗಿದ್ದು 2023ರ ಜನವರಿಯಿಂದ ಮತ್ತೆ ಜಾರಿಯಾಯಿತು. ನಿಮಗೆ ಹೇಳಿರುವ ಆಪರೇಷನ್ ಯೋಜನೆಯಲ್ಲಿ ಇದೆಯೇ, ಯಾವ ಆಸ್ಪತ್ರೆಯಲ್ಲಿ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಬಡ್ಡಿ ವ್ಯವಹಾರದವರ ಹತ್ತಿರ ಕೈಚಾಚುವ ಮೊದಲು ಸಂಘದ ಸಭೆಯಲ್ಲಿ ವಿಷಯ ಇಡಿ. ಹಸು ಕೊಳ್ಳಲು ಸಾಲ ಕೊಡುವ ಸಂಘ ಅಮ್ಮನ ಚಿಕಿತ್ಸೆಗೂ ಕೊಡಬಹುದು. ಆಸ್ಪತ್ರೆಯ ಖರ್ಚಿಗಿಂತ ಹೋಗಿ ಬರುವ ಬಸ್ಸು, ಜೊತೆಗಿರುವವರ ಊಟ, ಕೂಲಿ ತಪ್ಪಿದ್ದು ಇದೇ ಹೆಚ್ಚಾಗುತ್ತದೆ, ಅದನ್ನೂ ಲೆಕ್ಕ ಹಾಕಿ ಕೇಳಿ.

ಮನೆಗೆ ಬಂದ ಮೇಲೆ

ಗಾಯ ಕಾಣುವುದಿಲ್ಲವಾದ್ದರಿಂದ ಮನೆಯವರಿಗೆ ಆಪರೇಷನ್ ಆದದ್ದೇ ಮರೆತುಹೋಗುತ್ತದೆ. ಸಣ್ಣ ಗಾಯದ ಆಪರೇಷನ್‌ನ ದೊಡ್ಡ ತೊಂದರೆ ಇದೇ. ನಾಲ್ಕನೇ ದಿನ ಅಡಿಗೆ ಮನೆ, ಎಂಟನೇ ದಿನ ಕೊಡ. ಒಳಗಿನ ಹೊಲಿಗೆ ಗಟ್ಟಿಯಾಗಲು ಕನಿಷ್ಠ ಆರು ವಾರ ಬೇಕು. ಅಲ್ಲಿಯವರೆಗೆ ನೀರಿನ ಕೊಡ, ಹುಲ್ಲಿನ ಹೊರೆ, ಅಕ್ಕಿ ಮೂಟೆ, ಮೊಮ್ಮಗುವನ್ನು ಎತ್ತುವುದು ಯಾವುದೂ ಕೂಡದು. ಕುಕ್ಕರಗಾಲಿನಲ್ಲಿ ಕೂತು ಬಟ್ಟೆ ಒಗೆಯುವುದು ಬೇಡ. ಗಂಡಹೆಂಡಿರ ಸಂಬಂಧವೂ ಡಾಕ್ಟರು ಮತ್ತೆ ನೋಡಿ ಹೇಳುವವರೆಗೆ ಬೇಡ. ಹಾಗೆಂದು ಮಲಗಿಯೇ ಇರಬಾರದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮನೆಯೊಳಗೆ, ಜಗುಲಿಯಲ್ಲಿ ಮೆಲ್ಲಗೆ ನಡೆದಾಡಬೇಕು. ಸೊಪ್ಪು, ತರಕಾರಿ, ರಾಗಿ, ಬಾಳೆಹಣ್ಣು ತಿಂದು ನೀರು ಚೆನ್ನಾಗಿ ಕುಡಿಯಬೇಕು, ಮುಕ್ಕುವ ಹಾಗೆ ಆಗಬಾರದು. ಬಾಣಂತಿ ಪಥ್ಯದ ಹಾಗೆ ನೀರು ಕಡಿಮೆ ಮಾಡುವುದು ಇಲ್ಲಿ ತಪ್ಪು.

ನಮ್ಮ ಸಂಘಗಳಲ್ಲಿ ಹತ್ತು ಹದಿನೈದು ಮನೆಯವರು ಇದ್ದೇವೆ. ಆರು ವಾರ ಎಂದರೆ 42 ದಿನ. ಹದಿನಾಲ್ಕು ಜನ ಸರದಿ ಹಾಕಿಕೊಂಡರೆ ಒಬ್ಬರ ಪಾಲಿಗೆ ಮೂರು ದಿನದ ನೀರು ಬರುತ್ತದೆ, ಅಷ್ಟೇ.

ಲ್ಯಾಪ್ರೋ ಆದವರಿಗೆ ಒಂದೆರಡು ದಿನ ಭುಜ ನೋಯಬಹುದು. ತುಂಬಿದ ಅನಿಲದಿಂದ ಅದು, ತಾನಾಗಿ ಹೋಗುತ್ತದೆ. ಸ್ವಲ್ಪ ಕಂದು ನೀರು ಎರಡು ಮೂರು ವಾರ ಹೋಗುವುದೂ ಸಾಮಾನ್ಯ. ಆದರೆ ಜ್ವರ, ಕೆಟ್ಟ ವಾಸನೆಯ ಸ್ರಾವ, ಬಟ್ಟೆ ನೆನೆಯುವಷ್ಟು ರಕ್ತ, ಮೂತ್ರ ಕಟ್ಟುವುದು ಅಥವಾ ತಡೆಯಿಲ್ಲದೆ ಸೋರುವುದು, ಹೊಟ್ಟೆ ಉಬ್ಬಿ ವಾಂತಿ, ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ 108ಕ್ಕೆ ಫೋನ್ ಮಾಡಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ.